ವೈದ್ಯರ ಚೀಟಿ ಕೊಡಲಾ, ಬೇಡ್ವಾ? ಕೆಲಸದ ಜಾಗದಲ್ಲಿ ಮನಸ್ಸಿನ ಆರೋಗ್ಯ ಮತ್ತು ಕಾನೂನು

ಅರ್ಧಚಂದ್ರ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಕೇಳಲೇಬೇಕಾಗಿದೆ.

ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಒಂಬತ್ತು ವರ್ಷ ಆಯ್ತು. ಮೊದಲು ನಾವು ಮೂವರಿದ್ದೆವು. ಒಬ್ಬರು ಕೆಲಸ ಬಿಟ್ಟರು, ಇನ್ನೊಬ್ಬರನ್ನು ಬೇರೆ ವಿಭಾಗಕ್ಕೆ ಹಾಕಿದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಎಂಟು ತಿಂಗಳಿಂದ ಮೂವರ ಕೆಲಸವೂ ನನ್ನ ಮೇಜಿನ ಮೇಲಿದೆ. ತಿಂಗಳ ಕೊನೆ ಹತ್ತಿರ ಬಂದರೆ ಎದೆ ಡವಡವ ಅನ್ನುತ್ತದೆ. ರಾತ್ರಿ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಹೋದ ವಾರ ಒಂದೇ ಬಿಲ್ಲನ್ನು ನಾಲ್ಕು ಸಲ ಕೂಡಿದೆ. ನಾಲ್ಕು ಸಲವೂ ಬೇರೆ ಬೇರೆ ಮೊತ್ತ ಬಂತು. ಎದ್ದು ಹೋಗಿ ಬಾತ್‌ರೂಮಿನಲ್ಲಿ ಅತ್ತು ಬಂದೆ.

ಮನೋವೈದ್ಯರ ಹತ್ತಿರ ಹೋದೆ. ಮೂರು ವಾರ ರಜೆ ಬೇಕು ಅಂತ ಬರೆದುಕೊಟ್ಟಿದ್ದಾರೆ. ಚೀಟಿಯಲ್ಲಿ 'ಆತಂಕ ಮತ್ತು ಖಿನ್ನತೆ' ಅಂತ ದೊಡ್ಡದಾಗಿ ಇದೆ. ನಾಲ್ಕು ದಿನದಿಂದ ಅದು ಬ್ಯಾಗಿನಲ್ಲೇ ಕೂತಿದೆ. ತೆಗೆಯುತ್ತೇನೆ, ನೋಡುತ್ತೇನೆ, ಮತ್ತೆ ಮಡಚಿ ಇಡುತ್ತೇನೆ. ಮಡಿಕೆಯ ಗೆರೆಯಲ್ಲಿ ಕಾಗದ ಹರಿಯುವುದಕ್ಕೆ ಬಂದಿದೆ.

ಕೊಟ್ಟರೆ 'ತಲೆ ಸರಿ ಇಲ್ಲ' ಅನ್ನುವ ಹೆಸರು ಅಂಟಿಕೊಳ್ಳುತ್ತದೆ ಅಂತ ಭಯ. ಕೊಡದಿದ್ದರೆ ಜ್ವರ ಅಂತ ಸುಳ್ಳು ಹೇಳಬೇಕು. ಕಾನೂನು ನನ್ನಂಥವರಿಗೆ ಏನಾದರೂ ಮಾಡುತ್ತಾ? ಅಥವಾ ಕೈಕಾಲು ಮುರಿದರೆ ಮಾತ್ರವಾ? ಇಲ್ಲಿ ಬೇರೆ ಬೇರೆ ದೇಶಗಳಲ್ಲಿ ದುಡಿಯುವವರಿದ್ದೀರಿ. ನಿಮ್ಮ ಕಡೆ ಹೇಗಿದೆ ಅಂತಲೂ ಹೇಳಿ.

ಬೆಳಗಿನ ಬಸ್ಸು

ಅಕ್ಕ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಚೀಟಿ ಕೊಡಬೇಡಿ.

ನನ್ನ ತಮ್ಮ ಕೊಟ್ಟ. ರಜೆಯೂ ಸಿಕ್ಕಿತು. ವಾಪಸ್ ಹೋದ ಮೇಲೆ ಮುಖ್ಯವಾದ ಕೆಲಸಗಳನ್ನೆಲ್ಲ ಒಂದೊಂದಾಗಿ ಅವನ ಕೈಯಿಂದ ತೆಗೆದರು. 'ನಿನಗೆ ಕಷ್ಟ ಆಗಬಾರದಲ್ಲ' ಅಂತ ಸಮಾಧಾನದ ಮಾತು ಬೇರೆ. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ 'ಒತ್ತಡ ತಡೆದುಕೊಳ್ಳುವ ಶಕ್ತಿ ಕಡಿಮೆ' ಅಂತ ಬರೆದರು. ಆರು ತಿಂಗಳಿಗೆ ಅವನೇ ರಾಜೀನಾಮೆ ಕೊಟ್ಟು ಬಂದ. ಯಾರೂ ಅವನನ್ನು ತೆಗೆದುಹಾಕಲಿಲ್ಲ, ಹಾಗಾಗಿ ಯಾವ ಕಾನೂನೂ ಮುರಿಯಲಿಲ್ಲ ಅಂತ ಲೆಕ್ಕ.

ಮುರಿದ ಕೈಗೆ ಎಕ್ಸ್‌ರೇ ಇದೆ. ಮನಸ್ಸಿಗೆ ಏನಿದೆ? ಒತ್ತಡ ಎಲ್ಲರಿಗೂ ಇರುತ್ತದೆ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ.

ಕಪ್ಪುಕೋಟು

ಅರ್ಧಚಂದ್ರ ಅವರೇ, ನಾನು ವಕೀಲ. ನೌಕರಿಗೆ ಸಂಬಂಧಿಸಿದ ಕೇಸುಗಳನ್ನೇ ಹೆಚ್ಚು ನಡೆಸುತ್ತೇನೆ. ಆ ಚೀಟಿಯನ್ನು ಹಾಗೇ ಕೊಡಬೇಡಿ. ಆದರೆ ಸುಮ್ಮನೆಯೂ ಕೂರಬೇಡಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಎಕ್ಸ್‌ರೇ ಮಾತು. ಆರೋಗ್ಯ ಅಂದರೆ ಬರೀ ದೇಹ ಅಲ್ಲ ಅಂತ ಕಾನೂನು ಒಪ್ಪಿಕೊಂಡು ಬಹಳ ವರ್ಷ ಆಯ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆಯಲ್ಲೇ ಕೆಲಸದ ಸುರಕ್ಷತೆ ಅಂದರೆ ದೇಹದ್ದೂ ಹೌದು, ಮನಸ್ಸಿನದ್ದೂ ಹೌದು ಅಂತಿದೆ. ಜರ್ಮನಿಯವರು 2013ರಲ್ಲಿ ತಮ್ಮ ಸುರಕ್ಷತಾ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದಲ್ಲಿ ಮನಸ್ಸಿನ ಮೇಲೆ ಬೀಳುವ ಹೊರೆಯನ್ನೂ ಮಾಲೀಕರು ಪರಿಶೀಲಿಸಬೇಕು ಅಂತ ಬಿಡಿಸಿ ಬರೆದರು. ಯಂತ್ರದ ಹಲ್ಲಿಗೆ ಕೈ ಸಿಗದ ಹಾಗೆ ತಡೆ ಹಾಕುವುದು ಹೇಗೋ ಇದೂ ಹಾಗೆಯೇ.

ಆದರೆ ಕೇಸು ಕೋರ್ಟಿಗೆ ಬಂದಾಗ ಎಲ್ಲವೂ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ. ಮಾಲೀಕರಿಗೆ ಯಾವಾಗ ಗೊತ್ತಾಯ್ತು?

ಇಂಗ್ಲೆಂಡಿನ ವಾಕರ್ ಪ್ರಕರಣ ಹೇಳುತ್ತೇನೆ. ಜಾನ್ ವಾಕರ್ ಅಂತ ಒಬ್ಬರು ನಾರ್ತಂಬರ್ಲೆಂಡ್ ಕೌಂಟಿಯ ಸಮಾಜಸೇವಾ ಇಲಾಖೆಯಲ್ಲಿ ಅಧಿಕಾರಿ. ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳನ್ನು ನೋಡುವ ತಂಡಗಳು ಅವರ ಕೈಕೆಳಗೆ. ಕೇಸುಗಳು ಏರುತ್ತಾ ಹೋದವು, ಜನ ಅಷ್ಟೇ ಇದ್ದರು. 1986ರ ನವೆಂಬರ್‌ನಲ್ಲಿ ಅವರ ಮನಸ್ಸು ಕುಸಿಯಿತು. ಕೆಲವು ತಿಂಗಳ ರಜೆಯ ನಂತರ 1987ರ ಮಾರ್ಚ್‌ನಲ್ಲಿ ಮರಳಿದರು. ಸಹಾಯಕ್ಕೆ ಒಬ್ಬರನ್ನು ಕೊಡುತ್ತೇವೆ ಅಂದಿದ್ದರು, ಕೊಟ್ಟರು ಕೂಡ. ಸುಮಾರು ಒಂದು ತಿಂಗಳಲ್ಲಿ ಆ ಸಹಾಯ ನಿಂತುಹೋಯಿತು. ಅವರು ಇಲ್ಲದಾಗ ರಾಶಿ ಬಿದ್ದ ಕೆಲಸವೂ ಸೇರಿಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ಕುಸಿದರು. 1988ರ ಫೆಬ್ರವರಿಯಲ್ಲಿ ಅನಾರೋಗ್ಯದ ಕಾರಣ ಕೊಟ್ಟು ಕೆಲಸದಿಂದ ತೆಗೆದರು.

ಕೋರ್ಟು ಏನು ಹೇಳಿತು ಗೊತ್ತಾ? ಮೊದಲ ಕುಸಿತಕ್ಕೆ ಇಲಾಖೆ ಹೊಣೆ ಅಲ್ಲ, ಅದನ್ನು ಮುಂಚೆಯೇ ಊಹಿಸಲು ಆಗುತ್ತಿರಲಿಲ್ಲ. ಎರಡನೆಯದಕ್ಕೆ ಇಲಾಖೆಯೇ ಹೊಣೆ. ಒಂದು ಸಲ ಕಣ್ಣೆದುರೇ ಬಿದ್ದ ಮನುಷ್ಯನನ್ನು ಅದೇ ಹೊರೆಯ ಕೆಳಗೆ ಮತ್ತೆ ನಿಲ್ಲಿಸಿದ್ದಾರಲ್ಲ, ಇನ್ನು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ನಿಮ್ಮ ವಿಷಯದಲ್ಲಿ ಕೇಳುತ್ತೇನೆ. ಈ ಎಂಟು ತಿಂಗಳಲ್ಲಿ ಹೊರೆ ಜಾಸ್ತಿ ಆಗಿದೆ ಅಂತ ಬರೆದು ಏನಾದರೂ ಕೊಟ್ಟಿದ್ದೀರಾ?

ಅರ್ಧಚಂದ್ರ

ಇಲ್ಲ ಸರ್. ಮ್ಯಾನೇಜರ್ ಹತ್ತಿರ ಎರಡು ಸಲ ಬಾಯಿಮಾತಲ್ಲಿ ಹೇಳಿದ್ದೆ. 'ಸ್ವಲ್ಪ ದಿನ ಸುಧಾರಿಸಿಕೊಳ್ಳಿ' ಅಂದರು.

ಆದರೆ ನೀವು ಹೇಳಿದ್ದು ಓದಿ ಮನಸ್ಸಿಗೆ ತುಂಬಾ ನೋವಾಯ್ತು. ಆ ಮನುಷ್ಯ ಎರಡು ಸಲ ಕುಸಿಯಬೇಕಾಯ್ತಾ? ಮೊದಲ ಸಲ ಆಗಿದ್ದು ಲೆಕ್ಕಕ್ಕೇ ಇಲ್ವಾ?

ಹದಿನಾಲ್ಕನೇ ಮಹಡಿ

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಆಸ್ಟ್ರೇಲಿಯಾದಲ್ಲಿದ್ದೇನೆ. ಮಕ್ಕಳ ರಕ್ಷಣೆಗೆ ಸಂಬಂಧಿಸಿದ ಕಡತಗಳನ್ನು ದಿನವಿಡೀ ಓದುವ ಕೆಲಸ ನನ್ನದು. ಕೆಲವು ಪುಟ ಓದಿದ ಮೇಲೆ ಎದ್ದು ಕಿಟಕಿ ಹತ್ತಿರ ಹೋಗಿ ನಿಲ್ಲುತ್ತೇನೆ. ಹಾಗಾಗಿ ಇಲ್ಲಿನ ಒಂದು ತೀರ್ಪು ನನಗೆ ಬಾಯಿಪಾಠ ಆಗಿದೆ.

ವಿಕ್ಟೋರಿಯಾ ರಾಜ್ಯದ ಸರ್ಕಾರಿ ಅಭಿಯೋಜನಾ ಕಚೇರಿಯಲ್ಲಿ ಲೈಂಗಿಕ ಅಪರಾಧಗಳನ್ನು ಮಾತ್ರ ನೋಡುವ ಒಂದು ಘಟಕ ಇದೆ. ಅಲ್ಲಿ ವಕೀಲರಾಗಿದ್ದ ಕೊಜರೊವ್ ಅನ್ನುವವರು ಮಕ್ಕಳ ಹೇಳಿಕೆಗಳನ್ನು ಕೇಳಿ, ಓದಿ, ಆ ನೋವನ್ನೇ ಹೊತ್ತು ಕಾಯಿಲೆ ಬಿದ್ದರು. ಕೇಸು ದೇಶದ ಹೈಕೋರ್ಟಿಗೆ ಹೋಯಿತು. ಇಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ನ್ಯಾಯಾಲಯ. 2022ರ ಏಪ್ರಿಲ್‌ನಲ್ಲಿ ಅವರ ಪರ ತೀರ್ಪು ಬಂತು. ಇಂಥ ಕೆಲಸದಲ್ಲಿ ಮನಸ್ಸಿಗೆ ಪೆಟ್ಟು ಬೀಳುತ್ತದೆ ಅನ್ನುವುದು ಕೆಲಸದ ಸ್ವರೂಪದಿಂದಲೇ ಗೊತ್ತಾಗುವ ವಿಷಯ. ನೌಕರರು ಬಂದು ಹೇಳುವ ತನಕ ಕಾಯುವ ಹಾಗಿಲ್ಲ, ಮೊದಲ ದಿನದಿಂದಲೇ ಕಾಪಾಡುವ ಏರ್ಪಾಡು ಇರಬೇಕಿತ್ತು ಅನ್ನುವುದು ಅದರ ಸಾರ.

ಆ ಕಚೇರಿಯಲ್ಲಿ ಇಂಥ ಆಘಾತದ ಬಗ್ಗೆ ಬರೆದಿಟ್ಟ ನೀತಿಯೇ ಇತ್ತು. ಅಂದರೆ ಅಪಾಯ ಗೊತ್ತಿತ್ತು. ಜಾರಿಗೆ ತರಲಿಲ್ಲ.

ಆದರೆ ಅಕ್ಕ, ನಿಮ್ಮದು ಲೆಕ್ಕಪತ್ರದ ಕೆಲಸ. ಅದನ್ನು ಹುಟ್ಟಿನಿಂದಲೇ ಅಪಾಯದ ಕೆಲಸ ಅಂತ ಯಾವ ಕೋರ್ಟೂ ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೇ ವಕೀಲರು ನಿಮಗೆ ಆ ಪ್ರಶ್ನೆ ಕೇಳಿದ್ದು.

ಕಪ್ಪುಕೋಟು

ಸರಿಯಾಗಿ ಹೇಳಿದಿರಿ. ಇಂಗ್ಲೆಂಡಿನಲ್ಲಿ 2002ರ ಹ್ಯಾಟನ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಹದಿನಾರು ಸೂತ್ರಗಳನ್ನು ಹಾಕಿಕೊಟ್ಟಿತು. ಅದರಲ್ಲಿ ಒಂದು ನೌಕರರಿಗೆ ಕಷ್ಟದ್ದು. ಬೇರೆ ಏನೂ ಗೊತ್ತಿಲ್ಲದಿದ್ದರೆ, ತನ್ನ ನೌಕರ ಆ ಕೆಲಸದ ಮಾಮೂಲಿ ಒತ್ತಡವನ್ನು ತಡೆದುಕೊಳ್ಳುತ್ತಾನೆ ಅಂತ ಮಾಲೀಕ ಅಂದುಕೊಳ್ಳಬಹುದು. ಸುಮ್ಮನೆ ಸಹಿಸಿಕೊಂಡವರು ಇಲ್ಲೇ ಸೋಲುವುದು. ನಗುನಗುತ್ತಾ ಕೆಲಸ ಮಾಡಿದವರಂತೂ ಇನ್ನೂ ಬೇಗ ಸೋಲುತ್ತಾರೆ.

ಎರಡು ವರ್ಷದ ನಂತರ, ಹ್ಯಾಟನ್ ಜೊತೆಗೇ ವಿಚಾರಣೆ ನಡೆದಿದ್ದ ಒಂದು ಕೇಸು, ಬಾರ್ಬರ್ ಅನ್ನುವ ಗಣಿತ ಮೇಷ್ಟರದ್ದು, ಆಗ ಅಲ್ಲಿನ ಎಲ್ಲಕ್ಕಿಂತ ಮೇಲಿನ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. ಅವರು ಮೂರು ವಾರ ರಜೆ ಹಾಕಿದ್ದರು, ಚೀಟಿಯಲ್ಲಿ ಒತ್ತಡ ಮತ್ತು ಖಿನ್ನತೆ ಅಂತ ಇತ್ತು. ಮರಳಿದ ಮೇಲೆ ಶಾಲೆಯ ಮೇಲಿನವರಿಗೆ ತಾವೇ ಹೋಗಿ ಹೇಳಿಕೊಂಡರು. ಯಾರೂ ಏನೂ ಮಾಡಲಿಲ್ಲ. ಲಾರ್ಡ್ಸ್ 2004ರಲ್ಲಿ ಅವರ ಪರ ನಿಂತಿತು. ಇಷ್ಟು ತಿಳಿದ ಮೇಲೆ ಮಾಲೀಕರೇ ಮುಂದೆ ಬಂದು ವಿಚಾರಿಸಬೇಕಿತ್ತು ಅಂತ.

ಮೂರು ವಾರ, ಒತ್ತಡ, ಖಿನ್ನತೆ. ನಿಮ್ಮ ಪೋಸ್ಟ್ ಓದಿದಾಗ ನನಗೆ ಮೊದಲು ನೆನಪಾದವರು ಅವರೇ.

ಮಂಜಿನ ಕನ್ನಡಕ

ನಾನು ಜಪಾನಿನಲ್ಲಿದ್ದೇನೆ. 'ಒತ್ತಡ ತಡೆದುಕೊಳ್ಳುವ ಶಕ್ತಿ ಕಡಿಮೆ' ಅನ್ನುವ ಆ ಅಪ್ರೈಸಲ್ ಸಾಲು ಓದಿ ಸುಮ್ಮನಿರಲು ಆಗಲಿಲ್ಲ.

ಇಲ್ಲಿ ಡೆಂಟ್ಸು ಅನ್ನುವ ದೊಡ್ಡ ಜಾಹೀರಾತು ಕಂಪನಿಯಲ್ಲಿ 24 ವರ್ಷದ ಹುಡುಗನೊಬ್ಬ, ಕೆಲಸಕ್ಕೆ ಸೇರಿ ಒಂದೂವರೆ ವರ್ಷವೂ ಆಗಿರಲಿಲ್ಲ, 1991ರ ಆಗಸ್ಟ್‌ನಲ್ಲಿ ತನ್ನ ಪ್ರಾಣ ತಾನೇ ಕಳೆದುಕೊಂಡ. ರಾತ್ರಿಯೆಲ್ಲ ದುಡಿಯುತ್ತಿದ್ದ. ಮೇಲಿನವರಿಗೆ ಗೊತ್ತಿತ್ತು. ಮನೆಗೆ ಹೋಗಿ ಮಲಗು, ಕೆಲಸ ಮುಗಿಯದಿದ್ದರೆ ಬೆಳಗ್ಗೆ ಬೇಗ ಬಂದು ಮುಗಿಸು ಅಂದಿದ್ದರು. ಕೆಲಸ ಮಾತ್ರ ಕಡಿಮೆ ಮಾಡಲಿಲ್ಲ. ನಾನು ಇದನ್ನು ಮೊದಲ ಸಲ ಓದಿದಾಗ ಆ ಮಾತೇ ತಲೆಯಲ್ಲಿ ಉಳಿದುಬಿಟ್ಟಿತು. ಕಾಳಜಿಯ ಮಾತಿನ ಹಾಗೇ ಇದೆ ಅಲ್ವಾ?

ತಂದೆತಾಯಿ ಕೇಸು ಹಾಕಿದರು. ಕೆಳಗಿನ ಹಂತದಲ್ಲಿ ಗೆದ್ದರು, ಆದರೆ ಮೇಲ್ಮನವಿಯಲ್ಲಿ ಪರಿಹಾರ ಕಡಿತ ಮಾಡಿದರು. ಹುಡುಗನ ಸ್ವಭಾವವೇ ಅತಿಯಾದ ನಿಷ್ಠೆಯದ್ದು, ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವುದು, ಅದೂ ಒಂದು ಕಾರಣ ಅಂತ. ಸುಪ್ರೀಂ ಕೋರ್ಟ್ 2000ದ ಮಾರ್ಚ್‌ನಲ್ಲಿ ಆ ಕಡಿತವನ್ನು ಒಪ್ಪಲಿಲ್ಲ. ಜನರ ಸ್ವಭಾವ ಒಬ್ಬೊಬ್ಬರದು ಒಂದೊಂದು ಥರ. ಆ ಮಾಮೂಲಿ ವ್ಯತ್ಯಾಸದೊಳಗೆ ಇರುವ ಸ್ವಭಾವಕ್ಕೆ ನೌಕರನನ್ನು ದೂರುವ ಹಾಗಿಲ್ಲ. ಯಾರಿಗೆ ಎಂಥ ಕೆಲಸ, ಎಷ್ಟು ಕೆಲಸ ಅಂತ ಹಂಚುವವರು ಮಾಲೀಕರು. ನೌಕರರ ಸ್ವಭಾವವನ್ನು ಅವರು ನೋಡುತ್ತಲೇ ಇರುತ್ತಾರೆ.

ಬಸ್ಸಿನವರೇ, ನಿಮ್ಮ ತಮ್ಮನಿಗೆ ಇದನ್ನು ಓದಿಸಿ.

ಇನ್ನೊಂದು ವಿಷಯ. 2015ರ ಡಿಸೆಂಬರ್‌ನಿಂದ ಇಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆ ಮಾಡಲೇಬೇಕು. ಒಂದು ಪ್ರಶ್ನಾವಳಿ ಕೊಡುತ್ತಾರೆ. ಫಲಿತಾಂಶ ನೇರವಾಗಿ ನಮ್ಮ ಕೈಗೆ ಬರುತ್ತದೆ. ನಮ್ಮ ಒಪ್ಪಿಗೆ ಇಲ್ಲದೆ ಕಂಪನಿಗೆ ತೋರಿಸುವ ಹಾಗಿಲ್ಲ. ಹೋದ ವರ್ಷ ನನ್ನ ಅಂಕ ಕೆಟ್ಟದಾಗಿತ್ತು. ವೈದ್ಯರನ್ನು ಕಾಣಬೇಕು ಅಂತ ನಾನೇ ಕೇಳಿಕೊಂಡೆ.

ಬೆಳಗಿನ ಬಸ್ಸು

ಓದಿಸುತ್ತೇನೆ. ಧನ್ಯವಾದ.

ಆದರೂ ಒಂದು ಮಾತು ಇದ್ದೇ ಇದೆ. ವಾಕರ್ ಕುಸಿದದ್ದು 1987, ತೀರ್ಪು ಬಂದದ್ದು ಯಾವಾಗ? ಈ ಹುಡುಗ ಹೋದದ್ದು 1991, ಕೊನೆಯ ತೀರ್ಪು 2000. ಸಂಬಳ ನಿಂತ ಮನೆ ಅಷ್ಟು ವರ್ಷ ಹೇಗೆ ಕಾಯುತ್ತದೆ?

ಕಪ್ಪುಕೋಟು

ವಾಕರ್ ತೀರ್ಪು 1994ರ ನವೆಂಬರ್. ಏಳು ವರ್ಷ. ನೀವು ಹೇಳುವುದು ನಿಜ, ಅದನ್ನು ಅಲ್ಲಗಳೆಯಲು ನನ್ನ ಹತ್ತಿರ ಏನೂ ಇಲ್ಲ. ಪರಿಹಾರದ ಕೇಸು ಅಂದರೆ ಎಲ್ಲ ಮುಗಿದ ಮೇಲಿನ ದಾರಿ.

ಅದಕ್ಕೇ ನಾನು ಬರವಣಿಗೆಯ ಬಗ್ಗೆ ಇಷ್ಟು ಒತ್ತಿ ಹೇಳುವುದು. ಒಂದು ಮೇಲ್ ಕೋರ್ಟಿಗೆ ಹೋಗುವ ಮೊದಲೇ ಕೆಲಸ ಮಾಡುತ್ತದೆ. ಎಚ್‌ಆರ್‌ನವರ ಇನ್‌ಬಾಕ್ಸಿಗೆ ಅದು ಬಿದ್ದ ದಿನದಿಂದ 'ನಮಗೆ ಗೊತ್ತಿರಲಿಲ್ಲ' ಅನ್ನುವ ಉತ್ತರ ಅವರ ಕೈ ತಪ್ಪಿಹೋಗುತ್ತದೆ. ಅವರ ವಕೀಲರೂ ಅವರಿಗೆ ಅದನ್ನೇ ಹೇಳುತ್ತಾರೆ. ನಿಮ್ಮ ತಮ್ಮ ಚೀಟಿ ಕೊಟ್ಟರು ಅಂದಿರಿ. ಕೆಲಸದ ಹೊರೆ ಬಗ್ಗೆ ಏನಾದರೂ ಬರೆದಿದ್ದರಾ?

ಬೆಳಗಿನ ಬಸ್ಸು

ಇಲ್ಲ. ಚೀಟಿ ಅಷ್ಟೇ. ಆ ಚೀಟಿ ನೋಡಿದವರಿಗೆ ಇವನಿಗೇ ಏನೋ ಆಗಿದೆ ಅಂತ ಕಾಣುತ್ತಿತ್ತು. ಕೆಲಸದ್ದು ಎಲ್ಲೂ ಇರಲಿಲ್ಲ. ಈಗ ಅರ್ಥ ಆಗುತ್ತಿದೆ.

ನೀಲಿ ಬುತ್ತಿ

ನಾನು ಭಾರತದಲ್ಲಿ ಸರ್ಕಾರಿ ನೌಕರಿಯಲ್ಲಿದ್ದೇನೆ. ನನಗೆ ಬೈಪೋಲಾರ್ ಕಾಯಿಲೆ (ಮನಸ್ಸಿನ ಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇದೆ, ಹನ್ನೊಂದು ವರ್ಷದಿಂದ ಮಾತ್ರೆ ತಗೊಳ್ಳುತ್ತಿದ್ದೇನೆ. ಕಚೇರಿಯಲ್ಲಿ ಹೇಳಿದ್ದೇನೆ. ಹೇಳಿದ್ದಕ್ಕೇ ಇವತ್ತೂ ಕೆಲಸದಲ್ಲಿದ್ದೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ನೌಕರಿಯಲ್ಲಿರುವಾಗ ವೈಕಲ್ಯ ಬಂತು ಅಂತ ತೆಗೆದುಹಾಕುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಆ ಹುದ್ದೆ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ನನ್ನನ್ನು ರಾತ್ರಿ ಪಾಳಿಯಿಂದ ಬಿಡಿಸಿದ್ದು ಇದರ ಆಧಾರದ ಮೇಲೆ ಕೇಳಿದ್ದರಿಂದಲೇ. ನಿದ್ದೆ ತಪ್ಪಿದರೆ ನನ್ನ ಕಾಯಿಲೆ ಕೆರಳುತ್ತದೆ. ಮನೋವೈದ್ಯರು ಎರಡು ಸಾಲು ಬರೆದುಕೊಟ್ಟರು. ಕಚೇರಿಗೆ ಇದರಿಂದ ಒಂದು ಪೈಸೆಯೂ ಜಾಸ್ತಿ ಖರ್ಚಾಗಲಿಲ್ಲ.

ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣವನ್ನು ಎಲ್ಲರೂ ತಿಳಿದುಕೊಳ್ಳಬೇಕು. ಅವರು ಸಿಆರ್‌ಪಿಎಫ್ ಅಧಿಕಾರಿ. 2009ರಿಂದ ಗೀಳುಕಾಯಿಲೆಗೆ ಚಿಕಿತ್ಸೆ. 2010ರಿಂದ ಅವರ ನಡವಳಿಕೆಯ ಮೇಲೆ ಇಲಾಖಾ ವಿಚಾರಣೆಗಳು. ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 17ರಂದು ಅವರ ಪರ ಹೇಳಿತು. ಆ ನಡವಳಿಕೆಗೆ ಕಾಯಿಲೆಯೊಂದೇ ಕಾರಣ ಅಂತ ತೋರಿಸಬೇಕಾಗಿಲ್ಲ. ಕಾರಣಗಳಲ್ಲಿ ಕಾಯಿಲೆಯೂ ಒಂದಾಗಿದ್ದರೆ ಸಾಕು, ಅಂಥವರ ಮೇಲೆ ಶಿಸ್ತು ಕ್ರಮ ಜರುಗಿಸುವುದು ತಾರತಮ್ಯ. ಬೇರೆಯವರಿಗಿಂತ ಇಂಥವರೇ ಈ ಕ್ರಮಗಳಿಗೆ ಸುಲಭವಾಗಿ ಸಿಕ್ಕಿಬೀಳುತ್ತಾರೆ ಅನ್ನುವುದನ್ನು ಕೋರ್ಟು ನೋಡಿತು. ನನಗೆ ಈ ತೀರ್ಪು ಓದಿದ ದಿನ ಕಣ್ಣಲ್ಲಿ ನೀರು ಬಂತು.

ಕಪ್ಪುಕೋಟು

ಒಳ್ಳೆಯ ಮಾಹಿತಿ. ಒಂದು ತಿದ್ದುಪಡಿ ಸೇರಿಸುತ್ತೇನೆ, ಓದುವವರಿಗೆ ಗೊಂದಲ ಆಗಬಾರದು. ತೆಗೆಯಬಾರದು, ದರ್ಜೆ ಇಳಿಸಬಾರದು ಅನ್ನುವ ಆ 20ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳ ಹೆಸರು ಹಿಡಿದೇ ಬರೆದದ್ದು. ಖಾಸಗಿಯವರಿಗೆ ಅಷ್ಟು ಗಟ್ಟಿಯಾದ ಸಾಲು ಇಲ್ಲ. ಆದರೆ 21ನೇ ಸೆಕ್ಷನ್ ಪ್ರಕಾರ ಖಾಸಗಿ ಸೇರಿದಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಕಂಪನಿಯಲ್ಲಿ ಆ ನೀತಿಯ ಪ್ರತಿ ಕೇಳಿ ಪಡೆಯಿರಿ ಅಂತ ನನ್ನ ಕಕ್ಷಿದಾರರಿಗೆ ಯಾವಾಗಲೂ ಹೇಳುತ್ತೇನೆ.

ಇನ್ನೂ ಒಂದು ಕಂದಕ ಇದೆ. ವೈಕಲ್ಯದ ಕಾನೂನು ದೀರ್ಘಕಾಲದ ಕಾಯಿಲೆ ಕೇಳುತ್ತದೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ 12 ತಿಂಗಳು ಇರುವಂಥದ್ದು ಅಥವಾ ಇರಬಹುದಾದದ್ದು ಬೇಕು. ಮಾತ್ರೆಯಿಂದ ಹತೋಟಿಯಲ್ಲಿದ್ದರೂ, ಮಾತ್ರೆ ಇಲ್ಲದಿದ್ದರೆ ಹೇಗಿರುತ್ತಿತ್ತು ಅಂತ ನೋಡುತ್ತಾರೆ, ಅದು ಒಳ್ಳೆಯದು. ಆದರೆ ಎಂಟು ತಿಂಗಳ ಹೊರೆಯಿಂದ ಬಂದ ಆತಂಕ ಮೂರು ವಾರದಲ್ಲಿ ಇಳಿದರೆ ಆ ಬಾಗಿಲು ತೆರೆಯುವುದು ಅನುಮಾನ. ಅರ್ಧಚಂದ್ರ ಅವರ ಬಾಗಿಲು ಬೇರೆ. ಹೊರೆ ಅತಿಯಾಗಿದೆ, ಅದರಿಂದ ಆರೋಗ್ಯ ಕೆಡುತ್ತಿದೆ ಅಂತ ಹೇಳುವುದಕ್ಕೆ ಕಾಯಿಲೆಯ ಹೆಸರು ಬೇಕಾಗುವುದೇ ಇಲ್ಲ.

ಹಳೇ ಫೈಲು

ಮೂವತ್ತು ವರ್ಷ ಎಚ್‌ಆರ್‌ನಲ್ಲಿದ್ದು ನಿವೃತ್ತನಾದವನು ನಾನು. ಮಾಡಿದ ಒಂದು ತಪ್ಪನ್ನು ಹೇಳುತ್ತೇನಮ್ಮ, ನಿಮಗೆ ಉಪಯೋಗ ಆಗಲಿ.

ಒಬ್ಬ ಹುಡುಗಿ ನಿಮ್ಮ ಹಾಗೆಯೇ ಚೀಟಿ ತಂದುಕೊಟ್ಟಳು. ರಜೆ ಮಂಜೂರು ಮಾಡಿದೆ. ಕೆಲಸ ಯಾರು ನೋಡಿಕೊಳ್ಳಬೇಕು ಅಂತ ತಂಡಕ್ಕೆ ಮೇಲ್ ಕಳಿಸುವಾಗ ಆ ಚೀಟಿಯ ಸ್ಕ್ಯಾನ್ ಕೆಳಗೆ ಹಾಗೇ ಉಳಿದಿತ್ತು. ಹನ್ನೊಂದು ಜನಕ್ಕೆ ಹೋಯಿತು. ಬೇಕಂತ ಮಾಡಿದ್ದಲ್ಲ. ಅವಳು ವಾಪಸ್ ಬಂದ ದಿನ ಊಟದ ಮೇಜಿನಲ್ಲಿ ಎಲ್ಲರೂ ಮಾತು ನಿಲ್ಲಿಸಿದರು. ಅದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳ ಹತ್ತಿರ ಕ್ಷಮೆ ಕೇಳಿದೆ. ಆದರೆ ಹೋದ ಮೇಲ್ ವಾಪಸ್ ಬರುವುದಿಲ್ಲ.

ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಇದನ್ನು ಬಹಳ ಗಟ್ಟಿಯಾಗಿ ಹೇಳುತ್ತದೆ. ನೌಕರರ ವೈದ್ಯಕೀಯ ಮಾಹಿತಿ ಮಾಮೂಲಿ ಕಡತದಲ್ಲಿ ಇರಕೂಡದು, ಬೇರೆ ಕಡತದಲ್ಲಿ ಗುಟ್ಟಾಗಿ ಇರಬೇಕು. ನೌಕರರಿಗೆ ಬೇಕಾದ ಅನುಕೂಲ ಏನು ಅಂತ ಮ್ಯಾನೇಜರ್‌ಗೆ ಹೇಳಬಹುದು. ಜರ್ಮನಿಯಲ್ಲಂತೂ ಮಾಲೀಕರಿಗೆ ಸಿಗುವ ಮಾಹಿತಿಯಲ್ಲಿ ಕಾಯಿಲೆಯ ಹೆಸರೇ ಇರುವುದಿಲ್ಲ. ಎಷ್ಟು ದಿನ ಕೆಲಸಕ್ಕೆ ಬರಲಾಗದು ಅಂತ ಮಾತ್ರ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ಕೊಡುವವರಿಗೆ ಗುಟ್ಟು ಕಾಪಾಡುವ ಹೊಣೆ ಹೊರಿಸಿದೆ. ನಿಮ್ಮ ಕಚೇರಿ ಫೋನ್ ಮಾಡಿ ಕೇಳಿತು ಅಂತ ವೈದ್ಯರು ಎಲ್ಲ ಹೇಳಿಬಿಡುವ ಹಾಗಿಲ್ಲ.

ಆದ್ದರಿಂದ ಮೊದಲ ಕೆಲಸ, ವೈದ್ಯರ ಹತ್ತಿರ ಮತ್ತೆ ಹೋಗಿ. 'ವೈದ್ಯಕೀಯ ಕಾರಣದಿಂದ ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ' ಅಂತ ಮಾತ್ರ ಬರೆದ ಚೀಟಿ ಕೇಳಿ. ಅದು ಸುಳ್ಳಲ್ಲ. ಜ್ವರ ಅಂತ ಮಾತ್ರ ಹೇಳಬೇಡಿ. ಒಂದು ಸುಳ್ಳು ದಾಖಲೆಯಲ್ಲಿ ಕೂತರೆ ಮುಂದೆ ನಿಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ.

ಮಂಜಿನ ಕನ್ನಡಕ

ಸಹಾಯವಾಣಿ ಇದೆಯಲ್ಲ, ಅದಕ್ಕೆ ಫೋನ್ ಮಾಡಿ ಅಂತ ಕಂಪನಿ ಹೇಳಿದರೆ? ನಮ್ಮಲ್ಲಿ ಅದೇ ಉತ್ತರ ಬರುತ್ತದೆ.

ಕಪ್ಪುಕೋಟು

ಹ್ಯಾಟನ್ ತೀರ್ಪಿನ ನಂತರ ಬ್ರಿಟನ್ನಿನ ಕಂಪನಿಗಳು ಅದನ್ನೇ ಹಿಡಿದುಕೊಂಡವು. ಕೌನ್ಸೆಲಿಂಗ್ ಇಟ್ಟಿದ್ದೇವೆ, ನಮ್ಮ ಹೊಣೆ ಮುಗಿಯಿತು ಅಂತ. 2007ರಲ್ಲಿ ಡಾ (Daw) ಅನ್ನುವ ಹೆಸರಿನ ಮಹಿಳೆಯ ಕೇಸಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೆಲಸ ಅತಿಯಾಗಿದೆ ಅಂತ ಅವರು ಬರೆದು ತಿಳಿಸಿದ್ದರು. ಹೊರೆ ಇಳಿಸುವ ಶಕ್ತಿ ಮ್ಯಾನೇಜರ್‌ಗಳ ಕೈಯಲ್ಲಿತ್ತು, ಕೌನ್ಸೆಲರ್ ಕೈಯಲ್ಲಿ ಅಲ್ಲ. ಮೂವರ ಕೆಲಸವನ್ನು ಒಬ್ಬರು ಮಾಡುತ್ತಿದ್ದರೆ ಫೋನಿನಲ್ಲಿ ಎಷ್ಟು ಸಮಾಧಾನ ಹೇಳಿದರೂ ಬಿಲ್ಲುಗಳ ಸಂಖ್ಯೆ ಕಡಿಮೆ ಆಗುವುದಿಲ್ಲ.

ಹದಿನಾಲ್ಕನೇ ಮಹಡಿ

ರಜೆಯಲ್ಲಿ ಇರುವಾಗ ಮೇಲ್, ಫೋನ್ ಬರುತ್ತಲೇ ಇದ್ದರೆ ರಜೆ ಎಲ್ಲಿ ಉಳಿಯಿತು? ಫ್ರಾನ್ಸಿನಲ್ಲಿ 2017ರ ಜನವರಿಯಿಂದ 50ಕ್ಕಿಂತ ಕಡಿಮೆ ಇಲ್ಲದ ನೌಕರರಿರುವ ಕಂಪನಿಗಳು ಕೆಲಸದ ಹೊತ್ತಿನ ನಂತರ ಸಂಪರ್ಕದಿಂದ ದೂರ ಇರುವ ಹಕ್ಕಿನ ಬಗ್ಗೆ ಮಾತುಕತೆ ನಡೆಸಬೇಕು. ಇಲ್ಲಿ ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಬಂತು, ಸಣ್ಣ ಸಂಸ್ಥೆಗಳಿಗೆ ಒಂದು ವರ್ಷ ತಡವಾಗಿ. ಉತ್ತರ ಕೊಡದಿರುವುದು ಸಕಾರಣವಾಗಿದ್ದರೆ ಅದಕ್ಕಾಗಿ ನನಗೆ ಶಿಕ್ಷೆ ಕೊಡುವ ಹಾಗಿಲ್ಲ. ನನ್ನ ಮೇಲಧಿಕಾರಿ ಈಗ ರಾತ್ರಿ ಬರೆದದ್ದನ್ನೂ ಬೆಳಗ್ಗೆ ಎಂಟಕ್ಕೆ ಹೋಗುವ ಹಾಗೆ ಇಡುತ್ತಾರೆ.

ಅರ್ಧಚಂದ್ರ

ಎರಡು ದಿನ ಯೋಚನೆ ಮಾಡಿದೆ. ವೈದ್ಯರು ಬೇರೆ ಚೀಟಿ ಕೊಟ್ಟರು, ಒಂದು ಮಾತೂ ಕೇಳಲಿಲ್ಲ. ಮೇಲ್ ಬರೆದಿದ್ದೇನೆ, ಇನ್ನೂ ಕಳಿಸಿಲ್ಲ. ದಯವಿಟ್ಟು ನೋಡಿ ಹೇಳಿ.

"ಮಾರ್ಚ್‌ನಿಂದ ವಿಭಾಗದ ಮೂವರ ಕೆಲಸವನ್ನು ನಾನೊಬ್ಬಳೇ ಮಾಡುತ್ತಿದ್ದೇನೆ. ಇದನ್ನು ಜೂನ್ 12 ಮತ್ತು ಆಗಸ್ಟ್ 3ರಂದು ತಮಗೆ ಬಾಯಿಮಾತಿನಲ್ಲಿ ತಿಳಿಸಿದ್ದೆ. ಈ ಹೊರೆಯಿಂದ ನನ್ನ ಆರೋಗ್ಯ ಕೆಟ್ಟಿದೆ. ಮೂರು ವಾರ ರಜೆ ಬೇಕೆಂದು ವೈದ್ಯರು ಹೇಳಿದ್ದಾರೆ, ಚೀಟಿ ಲಗತ್ತಿಸಿದ್ದೇನೆ. ಮರಳಿದ ಮೇಲೆ ಸರಬರಾಜುದಾರರ ಬಿಲ್ಲುಗಳ ಕೆಲಸವನ್ನು ಬೇರೆಯವರಿಗೆ ವಹಿಸಲು ಕೋರುತ್ತೇನೆ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ."

ಕಪ್ಪುಕೋಟು

ಬಹಳ ಚೆನ್ನಾಗಿದೆ. ತಾರೀಖು ಹಾಕಿದ್ದು ಇನ್ನೂ ಚೆನ್ನಾಗಿದೆ. ಎರಡು ಬದಲಾವಣೆ ಮಾಡಿ.

ಕೊನೆಯ ಸಾಲು ತೆಗೆಯಿರಿ. ನೀವು ಯಾರಿಗೂ ತೊಂದರೆ ಕೊಡುತ್ತಿಲ್ಲ.

ಬಿಲ್ಲುಗಳ ಸಾಲಿಗೆ ಮುಂಚೆ ಇದನ್ನು ಸೇರಿಸಿ: "ಇದೇ ಹೊರೆ ಮುಂದುವರಿದರೆ ನನ್ನ ಆರೋಗ್ಯ ಮತ್ತೆ ಕೆಡುತ್ತದೆ." ಇಡೀ ಮೇಲ್‌ನಲ್ಲಿ ಇದೇ ಮುಖ್ಯ ಸಾಲು. ವಾಕರ್ ಎರಡು ಸಲ ಬಿದ್ದ ಮೇಲೆ ಕೋರ್ಟಿಗೆ ತೋರಿಸಿದ್ದನ್ನು ನೀವು ಬೀಳುವ ಮುಂಚೆಯೇ ಬರೆದು ಕೊಡುತ್ತಿದ್ದೀರಿ.

ಮ್ಯಾನೇಜರ್‌ಗೂ ಎಚ್‌ಆರ್‌ಗೂ ಒಟ್ಟಿಗೆ ಕಳಿಸಿ. ನಿಮ್ಮ ಸ್ವಂತ ಮೇಲ್‌ಗೆ ಒಂದು ಪ್ರತಿ ಇಟ್ಟುಕೊಳ್ಳಿ. ಇದರಲ್ಲಿ ಕಂಪನಿಯ ಲೆಕ್ಕದ ಯಾವ ಗುಟ್ಟೂ ಇಲ್ಲ, ಹಾಗಾಗಿ ಭಯ ಬೇಡ.

ನೀಲಿ ಬುತ್ತಿ

ಅಕ್ಕ, ಮರಳುವಾಗ ಮೊದಲ ವಾರವೇ ಪೂರ್ತಿ ಹೊರೆ ಹೊರಬೇಡಿ. ಅರ್ಧ ದಿನದಿಂದ ಶುರು ಮಾಡಲು ಆಗುತ್ತಾ ಅಂತ ಕೇಳಿ. ಜರ್ಮನಿಯಲ್ಲಿ ವರ್ಷದೊಳಗೆ ಆರು ವಾರಕ್ಕಿಂತ ಜಾಸ್ತಿ ಅನಾರೋಗ್ಯದ ರಜೆ ಆದರೆ, ಹೇಗೆ ಮರಳುತ್ತೀರಿ ಅಂತ ಕೂತು ಮಾತಾಡಲು ಮಾಲೀಕರೇ ಕರೆಯಬೇಕು. ನಿಮ್ಮದು ಮೂರೇ ವಾರ ಇರಬಹುದು. ಕೇಳುವುದಕ್ಕೆ ಏನೂ ಅಡ್ಡಿ ಇಲ್ಲ. ನಾನು ಕೇಳಿದ್ದೆ, ಮೊದಲ ಹದಿನೈದು ದಿನ ಮಧ್ಯಾಹ್ನ ಎರಡಕ್ಕೇ ಮನೆಗೆ ಬರುತ್ತಿದ್ದೆ.

ಅರ್ಧಚಂದ್ರ

ಕಳಿಸಿದೆ. ಕ್ಷಮಿಸಿ ಅನ್ನುವ ಸಾಲು ಅಳಿಸುವುದಕ್ಕೇ ಹತ್ತು ನಿಮಿಷ ಬೇಕಾಯ್ತು.

ಸಂಜೆ ಎಚ್‌ಆರ್‌ನಿಂದ ಉತ್ತರ ಬಂತು. ರಜೆ ಮಂಜೂರಾಗಿದೆ. ಬಿಲ್ಲುಗಳ ಕೆಲಸ ಯಾರಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲವಂತೆ. ಮರಳುವ ಮುಂಚಿನ ದಿನ ಮ್ಯಾನೇಜರ್ ಜೊತೆ ಮೀಟಿಂಗ್ ಇಟ್ಟಿದ್ದಾರೆ. ಅರ್ಧ ದಿನದ ಮಾತನ್ನು ಅಲ್ಲೇ ಕೇಳುತ್ತೇನೆ.

ಇವತ್ತು ರಜೆಯ ಎರಡನೇ ದಿನ. ಕಂಪನಿಯ ಫೋನನ್ನು ಆಫ್ ಮಾಡಿ ಬೀರುವಿನಲ್ಲಿ ಇಟ್ಟಿದ್ದೇನೆ. ಬೆಳಗ್ಗೆ ಎದ್ದಾಗ ಐದೂವರೆ ಆಗಿತ್ತು. ಮೂರಕ್ಕೆ ಎಚ್ಚರ ಆಗಲಿಲ್ಲ. ಮೀಟಿಂಗಿಗೆ ಒಬ್ಬಳೇ ಹೋಗಬೇಕಾ ಸರ್?

ಕಪ್ಪುಕೋಟು

ಜೊತೆಗೆ ಒಬ್ಬ ಸಹೋದ್ಯೋಗಿ ಬರಬಹುದಾ ಅಂತ ಮೊದಲೇ ಮೇಲ್‌ನಲ್ಲಿ ಕೇಳಿ. ಒಪ್ಪದಿದ್ದರೆ ಒಬ್ಬರೇ ಹೋಗಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೀಟಿಂಗ್ ಆದ ದಿನವೇ ಏನು ಮಾತಾಯಿತು ಅಂತ ನಾಲ್ಕು ಸಾಲು ಬರೆದು ಅವರಿಗೆ ಕಳಿಸಿ.

ಅದು ಮೂರು ವಾರದ ನಂತರದ ಮಾತು. ಈಗ ಆ ಬೀರು ತೆರೆಯಬೇಡಿ.